ವಾಸನೆಗಳ ಪಟ್ಟಿ

ಒಲೆಯ ಮೇಲಿನ ಹಾಲು ತಳ ಹಿಡಿದು ಹೊತ್ತುತ್ತಿತ್ತು. ಪೂರ್ಣಿಮಾ ಅದರಿಂದ ಎರಡು ಹೆಜ್ಜೆ ದೂರದಲ್ಲಿ, ಒಲೆಗೆ ಬೆನ್ನು ಹಾಕಿ ಬದನೆಕಾಯಿ ಹೆಚ್ಚುತ್ತಿದ್ದಳು. ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಗಂಡ ಅಮರ ಹಾಗೆಯೇ ಓಡಿ ಬಂದು ಗ್ಯಾಸ್ ಆರಿಸಿದ.

“ಮನಿ ತುಂಬ ಹೊತ್ತಿದ ವಾಸನಿ. ಬಾಜುಕ ನಿಂತು ಗೊತ್ತಾಗಲಿಲ್ಲೇನ ನಿನಗ?” ಎಂದವನು, ಕೇಳಬಾರದ್ದನ್ನು ಕೇಳಿದೆನೆಂದು ಅಲ್ಲಿಗೇ ನಿಲ್ಲಿಸಿದ.

ಕೊರೋನಾದ ಎರಡನೆಯ ಅಲೆಯಲ್ಲಿ ಹೋದ ಅವಳ ಮೂಗಿನ ಶಕ್ತಿ ತಿರುಗಿ ಬಂದಿರಲಿಲ್ಲ. ಮೊದಲ ವರ್ಷ ಡಾಕ್ಟರು ಬರುತ್ತದೆ ಎಂದರು. ಮರುವರ್ಷ ಬರಬಹುದು ಎಂದರು. ಆಮೇಲೆ ಅವಳೇ ಕೇಳುವುದನ್ನು ಬಿಟ್ಟಳು. ಊಟವೆಂದರೆ ಬಿಸಿ, ತಣ್ಣಗೆ, ಮೆತ್ತಗೆ, ಗಟ್ಟಿ, ಅಷ್ಟೇ ಆಯಿತು. ಅದೇ ತಿಂಗಳು ತಾಯಿಯೂ ತೀರಿಕೊಂಡಿದ್ದಳು. ಮಣ್ಣಿಗೆ ಹೋಗಲಾಗದೆ ಪೂರ್ಣಿಮಾ ಎಲ್ಲವನ್ನೂ ಮೊಬೈಲಿನಲ್ಲಿ ನೋಡಿದಳು. ಅಳು ಬರಲಿಲ್ಲ, ನಂತರವೂ ಬರಲಿಲ್ಲ. ಕಾಲೇಜು, ಅಡುಗೆ, ಪರೀಕ್ಷೆಯ ಪೇಪರು ಎಲ್ಲವೂ ಸರಿಯಾಗಿ ನಡೆಯುತ್ತಿದ್ದವು. ಯಾವುದೂ ಅವಳನ್ನು ಮುಟ್ಟುತ್ತಿರಲಿಲ್ಲ.

ಒಂದೇ ಒಂದು ವಿಷಯ ಬಿಟ್ಟು. ಅದು ಮಾಯಪ್ಪನ ಮೂಗು.

ಅವಳು ರಸಾಯನಶಾಸ್ತ್ರ ಕಲಿಸುತ್ತಿದ್ದ ಕಾಲೇಜಿನ ಸಂಡಾಸದ ಗುಂಡಿ ಎರಡು ವರ್ಷದ ಹಿಂದೆ ತುಂಬಿದಾಗ ಖಾನಾಪುರದಿಂದ ಅವನನ್ನು ಕರೆಸಿದ್ದರು. ಐವತ್ತರ ಹತ್ತಿರದ ವಯಸ್ಸು, ಸಣಕಲು ಮೈ. ಮುಚ್ಚಳ ಸರಿಸಿ, ಮೊಣಕಾಲೂರಿ ಬಗ್ಗಿ, ಗುಂಡಿಯ ಬಾಯಿಗೆ ಮೂಗು ಹಿಡಿದು ಅವನು ನಿಧಾನವಾಗಿ ಉಸಿರೆಳೆದ. “ಇವತ್ತ ಬ್ಯಾಡ್ರಿ. ಸುಣ್ಣದ ವಾಸನಿ ಐತಿ. ನಾಳಿ ನೋಡೂಣು,” ಎಂದು ಎದ್ದುಬಿಟ್ಟ. ಕಿಟಕಿಯಿಂದ ನೋಡುತ್ತಿದ್ದ ಪೂರ್ಣಿಮಾ ಕೆಳಗಿಳಿದು ಬಂದು ಕೇಳಿದಳು: “ಸುಣ್ಣದ್ದು ಬಿಟ್ಟ ಬ್ಯಾರೆ ವಾಸನಿ ಯಾವ್ಯಾವು ಇರತಾವ?”

ಅವನು ಹೇಳುತ್ತ ಹೋದ. ಹಳೆ ನೀರಿನ ವಾಸನೆ, ತುಕ್ಕಿನ ವಾಸನೆ, ಕೊಳೆತ ತತ್ತಿಯ ವಾಸನೆ. ಎಲ್ಲಕ್ಕಿಂತ ಕೆಟ್ಟದ್ದು ಸೀ ವಾಸನೆ, ಮೂಗಿಗೆ ಸಿಹಿಯೆನಿಸುವಂಥದ್ದು. “ಅದು ಬಂತಂದ್ರ ಹಿಂದ ಮುಂದ ನೋಡದ ಮ್ಯಾಲ ಬಂದುಬಿಡಬೇಕ್ರಿ ಮೇಡಮ್ಮಾರ.” ಆಗಾಗ ಅವನನ್ನು ಭೇಟಿಯಾಗಿ ಅವಳು ಹನ್ನೊಂದು ವಾಸನೆಗಳ ಪಟ್ಟಿ ಮಾಡಿಕೊಂಡಳು. ಪ್ರತಿಯೊಂದರ ಎದುರಿಗೂ ಅದು ಯಾವ ಅನಿಲವಿರಬಹುದೆಂದು ಬರೆದಳು. ಯಾವ ಪುಸ್ತಕವನ್ನೂ ಓದದ ಮನುಷ್ಯನ ಮೂಗಿನೊಳಗೆ ಒಂದು ಇಡೀ ಪ್ರಯೋಗಶಾಲೆಯಿತ್ತು. ಇದರ ಮೇಲೆ ಸಂಶೋಧನೆ ಮಾಡಬೇಕೆಂದು ಅವಳಿಗೆ ಅನಿಸಿತು. ಅನಿಸುವುದೇ ಅಪರೂಪವಾಗಿದ್ದ ದಿನಗಳಲ್ಲಿ ಅದು ಸಣ್ಣ ಸಂಗತಿಯಲ್ಲ.

ಧನಸಹಾಯ ಕೇಳಿ ಬರೆದ ಮೊದಲ ಅರ್ಜಿಯನ್ನು ನೋಡಿದ ವಿಜ್ಞಾನದವರು ‘ಇದು ಜಾನಪದಕ್ಕೆ ಸೇರಿದ ವಿಷಯ’ ಎಂದು ಬರೆದು ಮರಳಿಸಿದರು. ಎರಡನೆಯದನ್ನು ನೋಡಿದ ಜಾನಪದದವರು ‘ಇದು ವಿಜ್ಞಾನಕ್ಕೆ ಸೇರಿದ್ದು’ ಎಂದು ಬರೆದರು. ಮೂರನೆಯದನ್ನು ಅವಳು ಒಂದು ಖಾಸಗಿ ನಿಧಿಗೆ ಕಳಿಸಿದಳು. ರೂಢಿ ಬಿಟ್ಟ ಸಂಶೋಧನೆಗಳಿಗೆ ಮಾತ್ರ ನೆರವು ಕೊಡುತ್ತೇವೆ ಎಂದು ಅವರ ಜಾಹೀರಾತಿನಲ್ಲಿತ್ತು. ಹಾಲು ಹೊತ್ತಿದ ಆ ದಿನ ಅವರ ಸಂದರ್ಶನವಿತ್ತು.

ಕೋಟೆಯ ಹತ್ತಿರದ ಒಂದು ಕಟ್ಟಡದ ಮೇಲಂತಸ್ತಿನಲ್ಲಿ ಮೂವರು ಕುಳಿತಿದ್ದರು. ನಡುವೆ ಕುಳಿತ ಅಧ್ಯಕ್ಷರು ಬಾಳಾಸಾಹೇಬರು, ನಿವೃತ್ತ ಪ್ರಾಧ್ಯಾಪಕರು. ಅವರು ಅರ್ಜಿಯನ್ನು ನಿಜವಾಗಿಯೂ ಓದಿದ್ದರು. ಹಿಂದಿನ ಎರಡು ಕಡೆ ಯಾರೂ ಓದಿರಲಿಲ್ಲ.

“ಬರ್ರಿ, ಕುಂದರ್ರಿ. ಭಾಳ ದಿವಸದ ಮ್ಯಾಲ ಒಂದು ಹೊಸಾ ವಿಚಾರ ಓದಿದೆ,” ಎಂದರು. “ಆದ್ರ ಒಂದು ಪ್ರಶ್ನೆ. ಈ ಮಾಯಪ್ಪನ ಸುಣ್ಣದ ವಾಸನಿ ಅಮೋನಿಯಾನ ಅಂತ ನೀವು ಹೆಂಗ ಹೇಳ್ತೀರಿ?”

“ಅವರ ವರ್ಣನೆ ಮೇಲಿಂದ ಊಹೆ ಮಾಡೇನ್ರಿ.”

“ಊಹೆಗೆ ನಾವು ರೊಕ್ಕ ಕೊಡಾಕ ಬರೂದಿಲ್ಲ. ಅಳತಿ ಬೇಕು. ಅವನ ಸೊಂಟಕ್ಕ ಗ್ಯಾಸ್ ಮೀಟರ್ ಕಟ್ರಿ. ಇಳಿಯೂ ಮುಂದ ಅವನ ಮೂಗು ಏನ ಹೇಳತೈತಿ, ಮೀಟರ್ ಏನ ಹೇಳತೈತಿ, ಎರಡೂ ಬರಕೋರ್ರಿ. ನಲವತ್ತು ಗುಂಡಿ ಆದ್ರ ಸಾಕು. ಆಮ್ಯಾಲ ನಿಮ್ಮ ಪ್ರಬಂಧವನ್ನ ಜಗತ್ತಿನ್ಯಾಗ ಯಾರೂ ಅಲ್ಲಗಳಿಯಾಕ ಆಗೂದಿಲ್ಲ.”

ಪೂರ್ಣಿಮಾ ನೆನಪಿಸಿದಳು: “ಗುಂಡ್ಯಾಗ ಮನುಷ್ಯಾರನ್ನ ಇಳಸೂದು ಕಾನೂನಿಗೆ ವಿರುದ್ಧ ಐತ್ರಿ ಸರ್.”

“ಗೊತ್ತೈತಿ. ಆದ್ರ ಅವರು ಇಳಿಯೂದು ನಿಂತೈತೇನು? ನಾಳಿ ಅವನು ಹೆಂಗೂ ಇಳೀತಾನ, ಹಗ್ಗ ಇಲ್ಲದ, ಮೀಟರ್ ಇಲ್ಲದ. ನಿಮ್ಮ ಕೂಡ ಇಳಿದ್ರ ಹಗ್ಗ ಇರತೈತಿ, ಆಕ್ಸಿಜನ್ ಇರತೈತಿ. ಅವನಿಗೆ ಇದರಿಂದ ಛಲೋನ ಆಗತೈತಿ. ಒಂದು ಒಪ್ಪಿಗೆ ಪತ್ರಕ್ಕ ಸಹಿ ಮಾಡಿಸಿಕೊಳ್ರಿ.”

ಅವರ ಮಾತಿನಲ್ಲಿ ಮೋಸವಿರಲಿಲ್ಲ. ಅವರು ಅದನ್ನು ನಂಬಿ ಹೇಳುತ್ತಿದ್ದರು. ಪೂರ್ಣಿಮಾ ತನ್ನೊಳಗೆ ಏನಾದರೂ ಎದ್ದು ನಿಲ್ಲುತ್ತದೆಯೋ ಎಂದು ಕಾದಳು. ಏನೂ ಏಳಲಿಲ್ಲ. “ಆಗಲ್ರಿ ಸರ್,” ಎಂದಳು.

ವಾರದೊಳಗೆ ಮಂಜೂರಾತಿ ಪತ್ರ ಬಂತು, ಜೊತೆಗೆ ಒಪ್ಪಿಗೆ ಪತ್ರದ ನಮೂನೆಯೂ ಬಂತು. ಅಮರ ಬ್ಯಾಂಕಿನ ಕೆಲಸ ಮುಗಿಸಿ ಬರುವಾಗ ಸಿಹಿಗೆಂದು ಕುಂದಾ ತಂದ. ಅವಳು ಒಂದು ತುಂಡು ಬಾಯಿಗೆ ಹಾಕಿಕೊಂಡು, ಮೆತ್ತಗಿದೆ ಎಂದುಕೊಂಡಳು.

ಭಾನುವಾರ ಅವಳು ಖಾನಾಪುರದ ಬಸ್ಸು ಹಿಡಿದಳು. ಮಾಯಪ್ಪನ ಮನೆ ಊರಿನ ಅಂಚಿನಲ್ಲಿತ್ತು, ಎರಡು ಕೋಣೆ, ತಗಡಿನ ಮಾಡು. ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದ ಅವನ ಹೆಂಡತಿ ರೇಣವ್ವ, ಬಾಜೂ ಮನೆಯವಳೊಂದಿಗೆ ಮರಾಠಿಯಲ್ಲಿ ನಡೆದಿದ್ದ ಮಾತನ್ನು ಅರ್ಧಕ್ಕೇ ಬಿಟ್ಟು, ಕೈ ಒರೆಸಿಕೊಂಡು ಎದ್ದಳು. ಚಾಪೆ ಹಾಸಿ ಚಹಾಕ್ಕಿಟ್ಟಳು.

ಮಾಯಪ್ಪನಿಗೆ ವಿಷಯ ತಿಳಿಸುವುದು ಕಷ್ಟವಾಗಲಿಲ್ಲ. ಅವನು ಖುಷಿಯಾದ. “ಹಗ್ಗ ಕೊಡ್ತೀರಿ, ಹವಾದ ಡಬ್ಬಿ ಕೊಡ್ತೀರಿ ಅಂದ್ರ ಇನ್ನೇನ ಬೇಕ್ರಿ. ಇಷ್ಟ ವರ್ಷದಾಗ ಯಾರ ಕೊಟ್ಟಾರ? ತರ್ರಿ, ಎಲ್ಲಿ ಸಹಿ ಮಾಡ್ಲಿ?” ಎಂದು ಪೆನ್ನಿಗೆ ಕೈ ಚಾಚಿದ.

“ತಡೀರಿ,” ಎಂದಳು ರೇಣವ್ವ. ಅವಳು ಗಂಡನಿಗೆ ಹೇಳಿದ್ದೋ ಪೂರ್ಣಿಮಾಳಿಗೆ ಹೇಳಿದ್ದೋ ತಿಳಿಯಲಿಲ್ಲ. “ಅಕ್ಕಾರ, ನನಗ ಓದಾಕ ಬರೂದಿಲ್ಲ. ಅದರಾಗ ಏನ ಬರದೈತಿ, ಒಮ್ಮೆ ಓದಿ ಹೇಳ್ರಿ.”

ಪೂರ್ಣಿಮಾ ಓದಿದಳು. “ನಾನು ಸ್ವ-ಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ, ಸದರಿ ಅಧ್ಯಯನದ ನಿಮಿತ್ತ ಗುಂಡಿಗಳಲ್ಲಿ ಇಳಿಯಲು ಒಪ್ಪಿರುತ್ತೇನೆ. ಈ ಸಂದರ್ಭದಲ್ಲಿ ಸಂಭವಿಸಬಹುದಾದ ಯಾವುದೇ ಅನಾಹುತಕ್ಕೆ ನಿಧಿಯಾಗಲಿ ಸಂಶೋಧಕರಾಗಲಿ ಹೊಣೆಯಾಗಿರುವುದಿಲ್ಲ.”

“ಸಂಶೋಧಕರು ಅಂದ್ರ ಯಾರ್ರಿ?”

“ನಾನ.”

“ಅಂದ್ರ ನೀವು ಹೊಣಿ ಅಲ್ಲ.”

“ಅಲ್ಲ,” ಎಂದಳು ಪೂರ್ಣಿಮಾ. ಪತ್ರದಲ್ಲಿ ಹಾಗೇ ಇತ್ತು.

ರೇಣವ್ವ ತಲೆಯಾಡಿಸಿದಳು. ಸಿಟ್ಟಾದಂತೆ ಕಾಣಲಿಲ್ಲ. “ಪಾರಿಶ್ವಾಡದ ಕಡೆ ಒಂದ ಮನಿಯವರೂ ಇದನ್ನ ಹೇಳಿದ್ರು. ನಾವ ಹೊಣಿ ಅಲ್ಲ, ಅವನ ಒಪ್ಪಿ ಇಳದಾನ ಅಂತ.”

“ಯಾರು ಇಳಿದಿದ್ರು?”

ಮಾಯಪ್ಪ ಪೆನ್ನನ್ನು ಚಾಪೆಯ ಮೇಲಿಟ್ಟ. ಅವನು ಹೇಳುವುದಿಲ್ಲವೆಂದು ತಿಳಿದು ರೇಣವ್ವಳೇ ಹೇಳಿದಳು. “ಇವರ ತಮ್ಮ, ದುಂಡಪ್ಪ. ಎಂಟ ವರ್ಷ ಆತು.”

“ಅವತ್ತ ನಾನ ಮ್ಯಾಲಿದ್ದೆ,” ಎಂದ ಮಾಯಪ್ಪ, ಈಗ ಸುಮ್ಮನಿರುವುದು ಸರಿಯಲ್ಲವೆಂಬಂತೆ. “ಅವನು ಒಳಗ. ಅಣ್ಣಾ, ಸೀ ವಾಸನಿ ಐತಿ ಅಂತ ಒದರಿದ. ಮ್ಯಾಲ ಬಾ ಅಂದೆ. ಏಣಿ ಹಿಡಕೊಂಡ. ಅಷ್ಟ್ರಾಗ ಅಂದ, ಅಣ್ಣಾ, ವಾಸನಿ ಹೋತು, ಈಗ ಆರಾಮ ಐತಿ ಅಂತ. ನಾನೂ ಹಂಗಾರ ಮುಗಿಸಿನ ಬಾ ಅಂದೆ.” ಅವನು ಕೈಯಿಂದ ಮುಖ ಒರೆಸಿಕೊಂಡ. “ಆಮ್ಯಾಲ ಮಾತ ಬರಲಿಲ್ರಿ.”

ಒಳಗೆ ಚಹಾ ಉಕ್ಕಿ ಒಲೆಗೆ ಚೆಲ್ಲಿದ ಸದ್ದಾಯಿತು. ರೇಣವ್ವ ಎದ್ದು ಹೋಗಲಿಲ್ಲ.

ಸೀ ವಾಸನೆಯ ಆ ಅನಿಲ ಒಂದು ಮಟ್ಟ ಮೀರಿತೆಂದರೆ ಮೊದಲು ಮೂಗಿನ ನರವನ್ನೇ ಮರಗಟ್ಟಿಸುತ್ತದೆ, ಆಮೇಲೆ ವಾಸನೆಯೇ ತಿಳಿಯುವುದಿಲ್ಲ ಎಂಬುದು ಪೂರ್ಣಿಮಾಳಿಗೆ ಗೊತ್ತಿತ್ತು. ಪ್ರತಿ ವರ್ಷ ಪಾಠದಲ್ಲಿ ಅದನ್ನು ಒಂದು ಸಾಲಿನಲ್ಲಿ ಹೇಳುತ್ತಿದ್ದಳು. ಹುಡುಗರು ಅದನ್ನು ಬರೆದುಕೊಳ್ಳುತ್ತಿದ್ದರು.

“ಎರಡು ವರ್ಷದಿಂದ ಬರಾಕತ್ತೇನಿ. ನನಗ ಯಾಕ ಹೇಳಲಿಲ್ಲ ಮಾಯಪ್ಪ?”

ಅವನು ಅವಳನ್ನು ನೋಡಿದ. ಆರೋಪವಿಲ್ಲದ ನೋಟ. “ನೀವು ವಾಸನಿ ಹೆಸರ ಕೇಳಿದ್ರಿ. ಇದು ವಾಸನಿ ಇಲ್ಲದ್ದು. ಅದಕ್ಕ ಹೇಳಲಿಲ್ರಿ.”

ಪೂರ್ಣಿಮಾ ಒಪ್ಪಿಗೆ ಪತ್ರವನ್ನು ನಾಲ್ಕಾಗಿ ಮಡಚಿ ಚೀಲಕ್ಕೆ ಹಾಕಿಕೊಂಡಳು. “ಸಹಿ ಬ್ಯಾಡ,” ಎಂದಳು.

ಮಾಯಪ್ಪ ಗಾಬರಿಯಾದ. “ಯಾಕ್ರಿ? ಇಕಿ ಮಾತ ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ. ನೀವು ಬಿಟ್ರೂ ನಾ ಇಳಿಯೂದು ತಪ್ಪೂದಿಲ್ಲ. ಆಗ ಹಗ್ಗನೂ ಇರೂದಿಲ್ಲ.”

ಬಾಳಾಸಾಹೇಬರೂ ಇದನ್ನೇ ಹೇಳಿದ್ದರು. “ನಿಮಗ ಹಗ್ಗ, ಮೀಟರ್ ಹೆಂಗರ ಮಾಡಿ ನಾ ತಂದುಕೊಡ್ತೀನಿ. ಆದ್ರ ನನ್ನ ಸಲುವಾಗಿ ನೀವು ಇಳಿಯೂದು ಬ್ಯಾಡ,” ಎಂದಳು. ರೇಣವ್ವ ಒಳಗೆ ಹೋಗಿ, ಉಳಿದ ಚಹಾವನ್ನು ಸೋಸಿ ತಂದು ಅವಳ ಕೈಗೆ ಕೊಟ್ಟಳು.

ಬಸ್ಸಿನಲ್ಲಿ ಅವಳು ಕಿಟಕಿಯ ಬದಿಗೆ ಕುಳಿತಿದ್ದಳು. ಇಂಥ ಮಾತು ಕೇಳಿದ ಮೇಲೆ ಅಳು ಬರಬೇಕಿತ್ತು. ಬರಲಿಲ್ಲ. ದುಂಡಪ್ಪನ ಮಾತನ್ನು ಮಾತ್ರ ಮನಸ್ಸಿನಲ್ಲಿ ಮತ್ತೆ ಮತ್ತೆ ಹೇಳಿಕೊಂಡಳು. ಆರಾಮ ಐತಿ. ಹೇಗಿದ್ದೀಯೆಂದು ಅವಳನ್ನು ಯಾರು ಕೇಳಿದರೂ ಇಷ್ಟು ವರ್ಷ ಅವಳು ಅದೇ ಉತ್ತರ ಕೊಡುತ್ತಿದ್ದಳು.

ಮರುದಿನ ನಿಧಿಗೆ ಪತ್ರ ಬರೆದಳು. ಯಾರನ್ನೂ ಗುಂಡಿಗೆ ಇಳಿಸುವ ಅಧ್ಯಯನ ನಾನು ಮಾಡಲಾರೆ. ಅದರ ಬದಲು, ಗುಂಡಿಯಲ್ಲಿ ಸತ್ತವರು ಕಡೆಯದಾಗಿ ಏನು ಹೇಳಿದರೆಂದು ಮೇಲೆ ನಿಂತಿದ್ದವರಿಂದ ಕೇಳಿ ದಾಖಲಿಸುತ್ತೇನೆ. ಮೂಗು ಏನನ್ನು ತಿಳಿಯುತ್ತದೆ ಎನ್ನುವುದಕ್ಕಿಂತ ಎಲ್ಲಿ ಕೈಕೊಡುತ್ತದೆ ಎಂಬುದು ಮುಖ್ಯ. ಮೂಗನ್ನು ನಂಬಿ ಯಾರೂ ಇಳಿಯಬಾರದು ಎಂಬುದಕ್ಕೆ ಅದೇ ಸಾಕ್ಷ್ಯ.

ಅಮರ ಪತ್ರವನ್ನು ಎರಡು ಸಲ ಓದಿದ. “ಮೂರು ಸಲ ಅರ್ಜಿ ಹಾಕೀದಿ. ಕೈಗೆ ಬಂದದ್ದನ್ನ ಬಿಡಾಕತ್ತಿ. ಮಾಯಪ್ಪನ ಒಪ್ಪಿದ ಮ್ಯಾಲ ನಿನಗೇನ ತ್ರಾಸ?”

“ತ್ರಾಸ ಆಗೂದಿಲ್ರಿ, ಅದ ತ್ರಾಸ,” ಎಂದಳು. “ಅವತ್ತ ಸಂದರ್ಶನದಾಗ ಹೂಂ ಅಂದಾಗ ನನಗೇನೂ ಅನಿಸಲಿಲ್ಲ. ಒಬ್ಬ ಮನುಷ್ಯಾನ್ನ ನಲವತ್ತು ಸಲ ಕೆಳಗ ಇಳಸಾಕ ಒಪ್ಪಿಕೊಂಡು, ಮನಿಗೆ ಬಂದು ಅನ್ನಾ ಉಂಡು ಮಲಗಿದೆ.”

ಬಾಳಾಸಾಹೇಬರು ಮರ್ಯಾದೆಯಿಂದಲೇ ಉತ್ತರ ಬರೆದರು. ಪರಿಷ್ಕೃತ ವಿಷಯ ಮುಖ್ಯವಾದದ್ದೇ ಆದರೂ ನಿಧಿಯ ವ್ಯಾಪ್ತಿಗೆ ಬರುವುದಿಲ್ಲ, ಸಮಿತಿ ವಿಷಾದಿಸುತ್ತದೆ. ಪೂರ್ಣಿಮಾ ಅದನ್ನು ಓದಿ, ಲ್ಯಾಪ್‌ಟಾಪ್ ಮುಚ್ಚಿ, ಉಳಿದಿದ್ದ ಪೇಪರುಗಳನ್ನು ತಿದ್ದಲು ಕುಳಿತಳು. ರಜೆಯ ದಿನಗಳಲ್ಲಿ ತನ್ನ ಖರ್ಚಿನಲ್ಲೇ ಊರೂರಿಗೆ ಹೋಗಿ ಬರತೊಡಗಿದಳು. ಮೂರು ತಿಂಗಳಲ್ಲಿ ಗುಂಡಿಯಲ್ಲಿ ಸತ್ತವರ ನಾಲ್ಕು ಮನೆಗಳು ಸಿಕ್ಕವು. ಕಡೆಯ ಮಾತು ಎರಡು ಮನೆಗಳಲ್ಲಿ ಯಾರಿಗೂ ಕೇಳಿಸಿರಲಿಲ್ಲ. ಇನ್ನೆರಡರಲ್ಲಿ ಅದು ದುಂಡಪ್ಪನ ಮಾತಿನಂತೆಯೇ ಇತ್ತು.

ಜುಲೈ ತಿಂಗಳಲ್ಲಿ, ಸದಾಶಿವನಗರದ ಅವರ ಅಪಾರ್ಟ್‌ಮೆಂಟಿನ ಗುಂಡಿ ತುಂಬಿ ಹೊರಗೆ ಹರಿಯಿತು. ಸಂಘದ ಸೆಕ್ರೆಟರಿ ಪ್ರಸಾದ ಮೆಟ್ಟಿಲು ಹತ್ತಿ ಬಂದ.

“ಮೇಡಂ, ನಿಮಗ ಖಾನಾಪುರದವರೊಬ್ಬರು ಗೊತ್ತಂತಲ್ರಿ. ನಂಬರ್ ಕೊಡ್ರಿ. ಗುಂಡಿ ಹೀರೂ ಸಕ್ಕಿಂಗ್ ಗಾಡಿ ನಮ್ಮ ಸಂದ್ಯಾಗ ಬರೂದಿಲ್ಲ. ಉದ್ದ ಪೈಪಿನ ಗಾಡಿ ಬೇಕಂದ್ರ ಎರಡು ದಿನ ಕಾಯಬೇಕಂತ.”

“ಕಾಯೂಣು.”

“ಕೆಳಗಿನ ಮನಿ ಗಂಗಾದೇವಿ ಕಾಕು ಅವರ ಬಾತ್‌ರೂಮ್ ತನಕಾ ಬಂದೈತ್ರಿ. ಎಪ್ಪತ್ತು ವರ್ಷದ ಹೆಣ್ಣಮಗಳು. ಅವರಿಗೆ ಕಾಯ್ರಿ ಅಂತ ಹೆಂಗ ಹೇಳೂದು?”

“ನಮ್ಮ ಮನ್ಯಾಗ ಬಂದಿರಲಿ. ನಾನ ಕರೀತೀನಿ. ನಂಬರ್ ಮಾತ್ರ ಕೊಡೂದಿಲ್ರಿ.”

ಪ್ರಸಾದ ಅವಳನ್ನು ವಿಚಿತ್ರವಾಗಿ ನೋಡಿ ಇಳಿದು ಹೋದ. ಗಂಗಾದೇವಿ ಮೆಟ್ಟಿಲು ಹತ್ತಲಾಗದೆಂದು ಬರಲಿಲ್ಲ. ಮರುದಿನ ಬೆಳಿಗ್ಗೆ ಪೂರ್ಣಿಮಾ ಬಾಲ್ಕನಿಯಿಂದ ನೋಡಿದಾಗ ಕೆಳಗೆ ಇಬ್ಬರು ನಿಂತಿದ್ದರು. ಪ್ರಸಾದ ಬೇರೆ ಯಾರ ಕಡೆಯಿಂದಲೋ ಹೇಳಿ ಕರೆಸಿದ್ದ. ಬಕೆಟ್, ಹಗ್ಗ, ಬರಿಗಾಲು. ಒಬ್ಬ ಆಗಲೇ ಅಂಗಿ ಕಳಚುತ್ತಿದ್ದ.

ಅವಳು ಬಾಲ್ಕನಿಯಲ್ಲಿದ್ದ ಪ್ಲಾಸ್ಟಿಕ್ ಖುರ್ಚಿಯನ್ನು ಎತ್ತಿಕೊಂಡು ಎರಡು ಅಂತಸ್ತು ಇಳಿದಳು. ಖುರ್ಚಿಯನ್ನು ಗುಂಡಿಯ ಮುಚ್ಚಳದ ಮೇಲಿಟ್ಟು ಕುಳಿತಳು.

“ಇದೇನ್ರಿ ಮೇಡಂ!” ಎಂದ ಪ್ರಸಾದ.

“ಯಾರೂ ಇಳಿಯೂದು ಬ್ಯಾಡ್ರಿ.”

“ಅಲ್ರಿ, ನಾ ಯಾರಿಗರ ಜುಲುಮಿ ಮಾಡೇನೇನು? ಅವರ ಬಂದಾರ. ಅವರಿಗೆ ಇದು ರೂಢಿ ಇರತೈತಿ.”

“ಇದು ಯಾರಿಗೂ ರೂಢಿ ಆಗೂದಿಲ್ರಿ ಪ್ರಸಾದ. ಉಸಿರ ಎಲ್ಲಾರ್ದೂ ಒಂದ.”

ಅಂಗಿ ಕಳಚಿದ್ದವನು ಮುಂದೆ ಬಂದ. “ಬಾಯಾರ, ಏಳ್ರಿ. ನಮ್ಮ ಇವತ್ತಿನ ದಗದ ಕಳೀಬ್ಯಾಡ್ರಿ. ಮುಂಜಾನೆ ಬ್ಯಾರೆ ಕಡೆ ಕೆಲಸ ಬಿಟ್ಟು ಬಂದೇವಿ.”

ಅದಕ್ಕೆ ಅವಳು ಸಿದ್ಧಳಾಗಿರಲಿಲ್ಲ. ಸ್ವಲ್ಪ ಯೋಚಿಸಿ ಹೇಳಿದಳು. “ದಗದ ಕಳಿಯೂದಿಲ್ಲ. ಉದ್ದ ಪೈಪಿನ ಗಾಡಿ ತರಸೂಣು. ಈ ಸಂದಿ ತುಂಬ ಪೈಪ ಎಳದು ಹಿಡಿಯಾಕ ಮಂದಿ ಬೇಕ. ಅದನ್ನ ನೀವು ಮಾಡ್ರಿ. ಇಳಿಯೂದಕ್ಕ ಎಷ್ಟ ಮಾತಾಗೇತಿ, ಅಷ್ಟ ಪಗಾರ.” ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಹೋಗಿ ಕಾಂಪೌಂಡ್ ಗೋಡೆಯ ನೆರಳಿಗೆ ಕುಳಿತರು.

ಬಾಲ್ಕನಿಗಳಲ್ಲಿ ಜನ ನಿಂತು ನೋಡುತ್ತಿದ್ದರು. ಯಾರೋ ನಕ್ಕರು. ಅಮರನೂ ಕೆಳಗೆ ಬಂದ. ಅವಳನ್ನು ಎಬ್ಬಿಸಲು ಬಂದಿದ್ದ. ಅವಳ ಮುಖ ನೋಡಿ ಏನನಿಸಿತೋ, ತಿರುಗಿ ಮೇಲೆ ಹೋದ. ಸ್ವಲ್ಪ ಹೊತ್ತಿಗೆ ಒಂದೇ ತರಹದ ನಾಲ್ಕು ಕಪ್ಪುಗಳಲ್ಲಿ ಚಹಾ ತಂದು, ಗೋಡೆಯ ಹತ್ತಿರ ಕುಳಿತ ಇಬ್ಬರಿಗೂ ಅವಳಿಗೂ ಕೊಟ್ಟು, ತಾನೂ ಒಂದನ್ನು ಹಿಡಿದು ನಿಂತ.

ಪ್ರಸಾದನಿಗೆ ಅವಮಾನವಾದಂತಾಯಿತು. “ಕುಂದರ್ರಿ ಹಂಗಾರ,” ಎಂದ. “ಈ ಗುಂಡಿಗೆ ಎರಡ ಮುಚ್ಚಳ ಅದಾವು. ಏ, ಏಳ್ರಿ, ಅಕಡಿಂದು ತಗೀರಿ.”

ಅಷ್ಟರಲ್ಲಿ ಕೆಳಗಿನ ಮನೆಯ ಬಾಗಿಲು ತೆರೆದು ಗಂಗಾದೇವಿ ಹೊರಗೆ ಬಂದಳು. ಒಂದು ಕೈಯಲ್ಲಿ ಕೋಲು, ಇನ್ನೊಂದರಿಂದ ಸೆರಗು ಹಿಡಿದು ಮೂಗು ಮುಚ್ಚಿಕೊಂಡಿದ್ದಳು. ಎರಡು ದಿನದಿಂದ ಎಲ್ಲರಿಗಿಂತ ಹೆಚ್ಚು ಕಷ್ಟಪಟ್ಟವಳು ಅವಳೇ. ಪೂರ್ಣಿಮಾಳಿಗೆ ಈಗ ಬೈಗುಳ ಬೀಳುತ್ತದೆಂದು ಎಲ್ಲರೂ ಬಾಲ್ಕನಿಗಳಿಂದ ಬಗ್ಗಿ ನೋಡಿದರು.

ಗಂಗಾದೇವಿ ಖುರ್ಚಿ ನೋಡಿದಳು. ಗೋಡೆಯ ಹತ್ತಿರದ ಇಬ್ಬರನ್ನೂ ಅವರ ಹಗ್ಗವನ್ನೂ ನೋಡಿದಳು.

“ಎಷ್ಟ ಆಳ ಐತಿ ಇದು?”

“ಹತ್ತ ಹನ್ನೆರಡ ಫೂಟ ಇದ್ದೀತ್ರಿ ಕಾಕು,” ಎಂದ ಪ್ರಸಾದ.

“ಇಷ್ಟ ವರ್ಷ ಯಾರ ಇಳೀತಿದ್ರು?”

ಪ್ರಸಾದನಿಗೆ ಗೊತ್ತಿರಲಿಲ್ಲ. ಮೇಲೆ ನಿಂತು ನೋಡುತ್ತಿದ್ದವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಗಂಗಾದೇವಿ ಕೋಲೂರುತ್ತ ನಿಧಾನವಾಗಿ ಎರಡನೆಯ ಮುಚ್ಚಳದ ಹತ್ತಿರ ಹೋಗಿ ನಿಂತಳು. “ಪ್ರಸಾದ, ನಮ್ಮ ಮನ್ಯಾಗಿಂದು ಒಂದು ಖುರ್ಚಿ ತಂದು ಇದರ ಮ್ಯಾಲ ಇಡಪಾ. ನನಗ ನಿಂದರಾಕ ಆಗೂದಿಲ್ಲ.”

ಪ್ರಸಾದ ಆ ಇಬ್ಬರಿಗೆ ಕುಳಿತಿರುವಂತೆ ಕೈಸನ್ನೆ ಮಾಡಿದ. ಆಮೇಲೆ ಒಳಗೆ ಹೋಗಿ ಖುರ್ಚಿ ತಂದು, ಅದು ಅಲುಗದಂತೆ ನೋಡಿ ಇಟ್ಟು, ಗೇಟಿನ ಕಡೆ ಹೋಗಿ ಗಾಡಿಯವರಿಗೆ ಫೋನ್ ಹಚ್ಚಿದ. ಎರಡು ದಿನ ಎಂದಿದ್ದವರು, ಅವನು ಮೂರನೆಯ ಸಲ ಮಾಡಿದಾಗ, ಮಧ್ಯಾಹ್ನ ಬರುತ್ತೇವೆ ಎಂದರು.

ಗಾಡಿ ಬಂದಾಗ ಮೂರು ಗಂಟೆಯಾಗಿತ್ತು. ಅಲ್ಲಿಯತನಕ ಎರಡೂ ಮುಚ್ಚಳಗಳ ಮೇಲೆ ಖುರ್ಚಿಗಳಿದ್ದವು.